ಕಲ್ಲು ಕರಗುವ ಲೆಕ್ಕ

ತಾರಸಿಯ ಮೇಲೆ ಮಣ್ಣು ತುಂಬಿದ ಡ್ರಮ್ಮುಗಳನ್ನು ಇಟ್ಟುಕೊಳ್ಳಲೇ ಎಂದು ಸುಚಿತ್ರಾ ಬಂದು ಕೇಳಿದಾಗ ನಾನು ಖಡಾಖಂಡಿತವಾಗಿ ಆಗುವುದಿಲ್ಲ ಎಂದೆ. ಕೃಷ್ಣಮೂರ್ತಿಪುರಂನ ನನ್ನ ಮನೆಗೆ ನನಗಿಂತ ಹೆಚ್ಚು ವಯಸ್ಸಾಗಿದೆ. ಮಳೆಗಾಲ ಬಂತೆಂದರೆ ಯಾವ ಮೂಲೆ ಸೋರುತ್ತದೋ ಎಂದು ತಲೆ ಮೇಲೆತ್ತಿಕೊಂಡೇ ಓಡಾಡುತ್ತೇನೆ. ಅಂಥದ್ದರಲ್ಲಿ ಮಹಡಿಯ ಬಾಡಿಗೆಯವಳು ಬಂದು, ಮಣ್ಣು ಹಾಕುತ್ತೇನೆ, ದಿನಾ ನೀರು ಹುಯ್ಯುತ್ತೇನೆ ಅಂದರೆ ಯಾವ ಮಾಲೀಕ ಹೂಂ ಅಂದಾನು? ಜೀವನವಿಡೀ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು ನಾನು. ಬೇಗ ಸಿಡಿಯುತ್ತೇನೆ ಅಂತ ಹುಡುಗರು ಬೆನ್ನ ಹಿಂದೆ ನನ್ನನ್ನು ‘ಒಗ್ಗರಣೆ ಮೇಷ್ಟ್ರು’ ಅನ್ನುತ್ತಿದ್ದರು. ಆವತ್ತೂ ಚೆನ್ನಾಗಿಯೇ ಸಿಡಿದೆ.

ಅವಳು ವಾದ ಮಾಡಲಿಲ್ಲ. ಜಗಲಿಯ ಮೇಲೆ ಕೂತು, ತಾನು ಮಾಡಬೇಕೆಂದಿರುವುದು ಏನು ಅಂತ ನಿಧಾನವಾಗಿ ಹೇಳಿದಳು. ಮಳೆ ಬೀಳುವಾಗ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಕೊಂಚ ಹೀರಿಕೊಂಡೇ ಬೀಳುತ್ತದೆ. ಗೋಲಿ ಸೋಡಾದಲ್ಲಿ ಇರುವುದೂ ಅದೇ ಅನಿಲ. ಮಳೆನೀರಿನಲ್ಲಿ ತೀರಾ ಕಡಿಮೆ, ಅಷ್ಟೇ. ಆ ಸ್ವಲ್ಪ ಹುಳಿಯಾದ ನೀರು ಕಲ್ಲಿನ ಮೇಲೆ ಹರಿದು ಕಲ್ಲನ್ನು ಕರಗಿಸುತ್ತದೆ. ಕರಗುವಾಗ ಆ ಅನಿಲ ಬೈಕಾರ್ಬನೇಟ್ ಎಂಬ ಉಪ್ಪಾಗಿ ನೀರಿಗೆ ಸೇರುತ್ತದೆ, ಕಾವೇರಿಯಲ್ಲಿ ಹರಿದು ಸಮುದ್ರ ಮುಟ್ಟುತ್ತದೆ, ಅಲ್ಲಿ ಚಿಪ್ಪಾಗಿ, ಸುಣ್ಣದ ಕಲ್ಲಾಗಿ ತಳ ಸೇರುತ್ತದೆ. ಭೂಮಿ ತನ್ನ ಗಾಳಿಯನ್ನು ಹದದಲ್ಲಿ ಇಟ್ಟುಕೊಂಡಿರುವುದೇ ಹೀಗಂತೆ. ಆದರೆ ಕಲ್ಲಿಗೆ ಅವಸರವಿಲ್ಲ, ಅದು ಲಕ್ಷಾಂತರ ವರ್ಷ ತೆಗೆದುಕೊಳ್ಳುತ್ತದೆ. ಹರಳುಪ್ಪಿಗಿಂತ ಪುಡಿಯುಪ್ಪು ಬೇಗ ಕರಗುವುದಿಲ್ಲವೇ? ಹಾಗೇ ಕ್ರಷರಿನಲ್ಲಿ ಉಳಿಯುವ ಕರಿಕಲ್ಲಿನ ಪುಡಿಯನ್ನು ಹೊಲಕ್ಕೆ ಹಾಕಿದರೆ ಎಷ್ಟು ಬೇಗ ಕರಗುತ್ತದೆ, ಎಷ್ಟು ಇಂಗಾಲ ಹಿಡಿಯುತ್ತದೆ? ಇದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಕಟ್ಟಿ ಮುಂಚೆಯೇ ಹೇಳುವ ಮಾದರಿಯೊಂದನ್ನು ಅವಳು ಮಾಡುತ್ತಿದ್ದಳು. ಮಾದರಿ ಸರಿಯೋ ತಪ್ಪೋ ನೋಡಲು ನಿಜವಾದ ಮಣ್ಣು ಬೇಕು, ದಿನಾ ನೋಡಿಕೊಳ್ಳುವಷ್ಟು ಹತ್ತಿರದಲ್ಲಿ ಬೇಕು. ಗಣಿತದವನ ಮುಂದೆ ಲೆಕ್ಕ ಅಂದರೆ ಮುಗಿಯಿತು. ಡ್ರಮ್ಮಿನ ಕೆಳಗೆ ಇಟ್ಟಿಗೆ, ಇಟ್ಟಿಗೆಯ ನಡುವೆ ನೀರು ಹಿಡಿಯುವ ಟ್ರೇ, ಒಂದು ಹನಿ ಸೋರಿದರೂ ಎಲ್ಲ ಬೀದಿಗೆ ಎಂದು ಷರತ್ತು ಹಾಕಿ ಒಪ್ಪಿಕೊಂಡೆ.

ಅವಳ ಬಗ್ಗೆ ಸ್ವಲ್ಪ ಹೇಳಬೇಕು. ತಿರುಮಕೂಡಲು ನರಸೀಪುರದ ದಾರಿಯ ಒಂದು ಹಳ್ಳಿಯ ರೈತರ ಮಗಳು. ಡಿಗ್ರಿಗೆ ಸೇರಲು ಬಂದಾಗ ಕಂಪ್ಯೂಟರ್ ಇರುವ ವಿಭಾಗವೆಲ್ಲ ತುಂಬಿಹೋಗಿ, ಉಳಿದಿದ್ದು ಭೂವಿಜ್ಞಾನ. ಸಿಕ್ಕಿದ್ದನ್ನೇ ಕಚ್ಚಿ ಹಿಡಿದಳು. ಕಂಪ್ಯೂಟರನ್ನು ಆಮೇಲೆ ತಾನೇ ಕಲಿತಳು. ಎಂಎಸ್ಸಿ ಮುಗಿಸಿ ನಗರದ ಒಂದು ಸಂಶೋಧನಾ ಸಂಸ್ಥೆಗೆ ಪ್ರಾಜೆಕ್ಟ್ ಕೆಲಸಕ್ಕೆ ಸೇರಿಕೊಂಡಳು. ಪ್ರಾಜೆಕ್ಟ್ ಇರುವವರೆಗೆ ಕೆಲಸ, ನಿಂತರೆ ಮನೆಗೆ. ಮದುವೆಯಾಗಿದ್ದು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ನಾಗೇಂದ್ರನನ್ನು. ಅವನು ದೇವರಂಥ ಹುಡುಗ, ಬಾಯಿಗೆ ಬೀಗ ಹಾಕಿಕೊಂಡೇ ಹುಟ್ಟಿದವನು. ಆ ಮನೆಯ ಬಾಯಿ ಏನಿದ್ದರೂ ಅವನ ತಾಯಿ ಭಾಗ್ಯಮ್ಮ.

ಭಾಗ್ಯಮ್ಮ ಗಂಡನನ್ನು ಕಳೆದುಕೊಂಡ ಮೇಲೆ ಊದುಬತ್ತಿ ಹೊಸೆದು ಮಗನನ್ನು ಸಾಕಿದ ಹೆಂಗಸು. ಕೈ ಒಂದು ಗಳಿಗೆ ಸುಮ್ಮನಿರದು, ಬಾಯಿಯೂ ಅಷ್ಟೆ. ಸೊಸೆ ಬ್ಯಾಂಕಿನಲ್ಲೋ ಶಾಲೆಯಲ್ಲೋ ಇದ್ದಿದ್ದರೆ ನಾಲ್ಕು ಜನರಿಗೆ ಹೇಳಿಕೊಳ್ಳಬಹುದಿತ್ತು, ಕಲ್ಲು ಪುಡಿ ಮಾಡುವ ಕೆಲಸವನ್ನು ಏನಂತ ಹೇಳಿಕೊಳ್ಳುವುದು ಎಂಬುದು ಆಕೆಯ ಕೊರಗು. ನಲ್ಲಿಯ ಹತ್ತಿರ ಸಿಕ್ಕವರಿಗೆಲ್ಲ ‘ಅವ್ಳೇನೋ ಆಪೀಸಲ್ಲಿ ಅವ್ಳೆ’ ಎಂದು ಮಾತು ತೇಲಿಸಿಬಿಡುತ್ತಿದ್ದರು. ಡ್ರಮ್ಮುಗಳು ಮನೆಗೆ ಬಂದಾಗಿನಿಂದ ಅದೆಲ್ಲ ಬದಲಾಯಿತು. ಹಗಲು ಸುಚಿತ್ರಾ ಮನೆಯಲ್ಲಿರುವುದಿಲ್ಲ. ದಿನಾ ಒಂದೇ ಅಳತೆಯ ನೀರು ಹಾಕಬೇಕು, ಹಾಕುತ್ತೀರಾ ಅತ್ತೆ ಎಂದು ಕೇಳಿದಳು. ಕೇಳಿದ್ದೇ ತಡ, ಭಾಗ್ಯಮ್ಮ ಆ ಡ್ರಮ್ಮುಗಳನ್ನು ಮೈಮೇಲೆ ಹಾಕಿಕೊಂಡರು. ಅರ್ಧದಷ್ಟಕ್ಕೆ ಕರಿಕಲ್ಲಿನ ಪುಡಿ ಬೆರೆಸಿತ್ತು, ಉಳಿದವು ಬರೀ ಮಣ್ಣು. ಇವೇ ನಮ್ಮ ಕೆಲಸದವು, ಅವು ಸುಮ್ಮನೆ ಹೋಲಿಸಿ ನೋಡೋಕೆ ಎಂದು ಸುಚಿತ್ರಾ ತೋರಿಸಿಕೊಟ್ಟಿದ್ದಳು. ಎಲ್ಲದರಲ್ಲೂ ರಾಗಿ ಪೈರು ಎದ್ದಿತು. ನಾನು ಸೋರಿಕೆ ಹುಡುಕಲು ಮೇಲೆ ಹೋದಾಗಲೆಲ್ಲ ಭಾಗ್ಯಮ್ಮ, ಹುಷಾರು ಮೇಷ್ಟ್ರೇ, ಕಾಲು ತಾಗೀತು ಎಂದು ನನ್ನ ಮನೆಯಲ್ಲಿ ನನಗೇ ಎಚ್ಚರಿಕೆ ಕೊಡುವ ಮಟ್ಟಕ್ಕೆ ಬಂದರು.

ಶನಿವಾರ ಶನಿವಾರ ಸುಚಿತ್ರಾ ಟ್ರೇಗೆ ಇಳಿದ ನೀರನ್ನು ಬಾಟಲಿಗೆ ತುಂಬಿಕೊಂಡು ಹೋಗಿ, ಅದರಲ್ಲಿ ಬೈಕಾರ್ಬನೇಟ್ ಎಷ್ಟಿದೆ ಎಂದು ನೋಡುತ್ತಿದ್ದಳು. ಗೌರಿ ಹಬ್ಬದ ಹೊತ್ತಿಗೆ ಅವಳ ಮುಖ ಅರಳಿತು. ಕಲ್ಲಿನ ಪುಡಿ ಹಾಕಿದ ಡ್ರಮ್ಮುಗಳ ನೀರಿನಲ್ಲಿ, ಮಾದರಿ ಹೇಳಿದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬರುತ್ತಿತ್ತು. ಮಣ್ಣಿನ ಮೇಲೆ ಅಲ್ಲಲ್ಲಿ ಬೆಳ್ಳನೆಯ ಪೊರೆಯೂ ಕಂಡಿತು. ಕರಗಿದ ಕಲ್ಲು ಇಂಗಾಲ ಹಿಡಿದು ಮತ್ತೆ ಹರಳುಗಟ್ಟಿದರೆ ಹೀಗೇ ಕಾಣುತ್ತದಂತೆ. ನನ್ನನ್ನು ಕರೆದು ತೋರಿಸಿದಳು. ನಾನೂ ಕನ್ನಡಕ ಏರಿಸಿ ನೋಡಿ, ಭೇಷ್ ಎಂದೆ. ಸಂಸ್ಥೆಯ ಮುಖ್ಯಸ್ಥ ಪ್ರಸಾದ್ ಅವರಿಗಂತೂ ಖುಷಿಯೋ ಖುಷಿ. ಡ್ರಮ್ಮು ಸುಳ್ಳು ಹೇಳುವುದಿಲ್ಲ, ಮಾದರಿಯಲ್ಲಿ ಕಲ್ಲು ಕರಗುವ ವೇಗವನ್ನು ಹೆಚ್ಚಿಸಿ ಇದಕ್ಕೆ ಹೊಂದಿಸಿ, ಯುಗಾದಿ ಕಳೆದ ಮೇಲೆ ಸಭೆಯಲ್ಲಿ ಮಂಡಿಸಿ ಎಂದರಂತೆ. ಪ್ರಾಜೆಕ್ಟನ್ನು ಮುಂದುವರಿಸುವುದೋ ಮುಚ್ಚುವುದೋ ಎಂದು ತೀರ್ಮಾನವಾಗುವುದು ಆ ಸಭೆಯಲ್ಲೇ.

ಸೊಸೆಯ ಕೆಲಸ ಗೆದ್ದಿದೆ ಎಂಬ ಸುದ್ದಿ ತಿಳಿದು ಭಾಗ್ಯಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಲ್ಲಿಯ ಹತ್ತಿರ ಈಗ ಬೇರೆಯೇ ಮಾತು. ನಮ್ಮ ಸುಚಿತ್ರಾ ಗಾಳಿ ಕ್ಲೀನ್ ಮಾಡ್ತಾವ್ಳೆ, ನೀರು ಹಾಕೋದು ನಾನೇ ಎಂದು ಬೀದಿಗೆಲ್ಲ ಸಾರಿದರು. ಸಭೆಗೆ ತನ್ನನ್ನೂ ಕರೆದುಕೊಂಡು ಹೋಗಬೇಕು ಎಂದು ಸೊಸೆಯ ಹತ್ತಿರ ಮಾತು ತೆಗೆದುಕೊಂಡರು. ಆ ಮನೆಯಲ್ಲಿ ಅತ್ತೆ ಸೊಸೆ ಒಟ್ಟಿಗೆ ಕೂತು ನಗುವುದನ್ನು ನಾನು ಮೊದಲು ಕೇಳಿದ್ದು ಆ ದಿನಗಳಲ್ಲೇ.

ಆದರೆ ಸುಚಿತ್ರಾಳಿಗೆ ಒಳಗೊಳಗೇ ಏನೋ ಕೊರೆಯುತ್ತಿತ್ತು. ಒಂದು ಭಾನುವಾರ ಲ್ಯಾಪ್‌ಟಾಪು ಹಿಡಿದು ನನ್ನ ಜಗಲಿಗೆ ಬಂದಳು. ಡ್ರಮ್ಮಿಗೆ ಹೊಂದಿಸಬೇಕಾದರೆ ಕಲ್ಲು ಕರಗುವ ವೇಗವನ್ನು ಎಷ್ಟು ಏರಿಸಬೇಕಾಗಿದೆ ನೋಡಿ ಎಂದಳು. ಚಾಮುಂಡಿ ಬೆಟ್ಟದ್ದು ಬೇರೆ ಜಾತಿಯ ಕಲ್ಲೇ ಇರಲಿ, ಈ ವೇಗದ ಹತ್ತಿರಕ್ಕೆ ಕರಗಿದ್ದರೂ ಇಡೀ ಬೆಟ್ಟ ಯಾವಾಗಲೋ ಕಾವೇರಿ ಸೇರಿ ಹೋಗಬೇಕಿತ್ತಂತೆ. ವಾರವಾರದ ಅಳತೆಯನ್ನು ಗೆರೆ ಎಳೆದು ತೋರಿಸಿದಳು. ಕಲ್ಲು ಬೇಗ ಕರಗುವುದು ಬಿಸಿಲು ಮಳೆ ಎರಡೂ ಇರುವಾಗ. ಇಲ್ಲಿ ಗೆರೆ ಜಿಗಿದಿದ್ದು ಗೌರಿ ಹಬ್ಬಕ್ಕೆ, ಆಮೇಲೆ ದಸರೆಗೆ, ದೀಪಾವಳಿಗೆ. ಧನುರ್ಮಾಸದ ಕೊರೆವ ಚಳಿಯಲ್ಲಿ ಎಲ್ಲಕ್ಕಿಂತ ಮೇಲೆ ಹೋಗಿ ಕೂತಿತ್ತು. ಸಂಕ್ರಾಂತಿ ಕಳೆದ ಮೇಲೆ ಇದ್ದಕ್ಕಿದ್ದಂತೆ ಇಳಿದು, ಮಾದರಿ ಹೇಳಿದ ಮಟ್ಟದ ಹತ್ತಿರಕ್ಕೆ ಬಂದಿತ್ತು. ಸ್ವಲ್ಪ ದಿನಕ್ಕೆ ಮತ್ತೆ ಮೇಲೆ.

“ಸಂಕ್ರಾಂತಿ ಆದ್ಮೇಲೆ ನಮ್ಮನೇಲಿ ಏನಾಯ್ತು ಮೇಷ್ಟ್ರೇ?” ಎಂದು ಕೇಳಿದಳು.

ಮಹದೇವಪ್ಪ ತೀರಿಹೋಗಿದ್ದು ಆವಾಗಲ್ಲವೇ ಎಂದೆ. ನಂಜನಗೂಡಿನ ಕಡೆಯ ಅವರ ದಾಯಾದಿ, ನಾಗೇಂದ್ರನಿಗೆ ದೊಡ್ಡಪ್ಪನಾಗಬೇಕು. ಮಹಡಿಯಲ್ಲಿ ಸೂತಕ ಆಚರಿಸಿದ್ದು ನನಗೆ ನೆನಪಿತ್ತು, ಏಕೆಂದರೆ ಆ ದಿನಗಳಲ್ಲಿ ಮೇಲಿನಿಂದ ಪೂಜೆಯ ಗಂಟೆಯ ಸದ್ದು ಬಂದಿರಲಿಲ್ಲ. ಆದರೆ ಭಾಗ್ಯಮ್ಮ ಡ್ರಮ್ಮಿಗೆ ನೀರು ಮಾತ್ರ ತಪ್ಪಿಸಿರಲಿಲ್ಲ, ನಾನೇ ನೋಡಿದ್ದೆ. ಸುಚಿತ್ರಾ ಆ ಗೆರೆಯ ಮೇಲೆ ಬೆರಳಾಡಿಸಿದಳು. ಹಬ್ಬ ಬಂದಾಗ ಹೆಚ್ಚುವುದು, ಸೂತಕದಲ್ಲಿ ನಿಲ್ಲುವುದು ಏನು ಎಂದು ತನ್ನನ್ನೇ ಕೇಳಿಕೊಂಡಂತೆ ಕೇಳಿದಳು. ಲ್ಯಾಪ್‌ಟಾಪು ಮುಚ್ಚಿ ಎದ್ದು ಹೋದಳು.

ಮರುದಿನ ಬೆಳಿಗ್ಗೆ ಅವಳು ಎಲ್ಲರಿಗಿಂತ ಮೊದಲು ತಾರಸಿಗೆ ಹೋಗಿ ನೀರಿನ ಟ್ಯಾಂಕಿನ ಪಕ್ಕ ನಿಂತಳಂತೆ. ಸ್ನಾನ ಮಾಡಿ ಒದ್ದೆ ತಲೆಗೆ ಬಟ್ಟೆ ಸುತ್ತಿಕೊಂಡು ಭಾಗ್ಯಮ್ಮ ಬಂದರು. ರಂಗೋಲಿ ಬಟ್ಟಲಿನಿಂದ ಪುಡಿ ತೆಗೆದು, ಕರಿಕಲ್ಲಿನ ಡ್ರಮ್ಮುಗಳಲ್ಲಿ, ಎರಡನೇ ಸಲ ಬಿತ್ತಿದ ಪೈರಿನ ನಡುವಿನ ಮಣ್ಣಿನ ಮೇಲೆಯೇ, ಒಂದೊಂದಕ್ಕೂ ಪುಟ್ಟ ಎಳೆ ಬಿಟ್ಟರು. ಕೈ ಮುಗಿದರು. ಆಮೇಲೆ ಅಳತೆಯ ನೀರು ಹಾಕಿದರು. ಎಳೆಗಳೆಲ್ಲ ನೀರಿನ ಜೊತೆ ಮಣ್ಣಿಗಿಳಿದವು. ಬರೀ ಮಣ್ಣಿನ ಡ್ರಮ್ಮುಗಳಿಗೆ ನೀರು ಮಾತ್ರ. ಅವು ಸುಮ್ಮನೆ ಇಟ್ಟವು ತಾನೇ. ನಮ್ಮ ರಂಗೋಲಿ ಪುಡಿ ಎಂದರೆ ಬಿಳಿಯ ಸುಣ್ಣದ ಜಾತಿಯ ಕಲ್ಲಿನ ಪುಡಿ. ಹಬ್ಬಕ್ಕೆ, ಧನುರ್ಮಾಸಕ್ಕೆ ರಂಗೋಲಿ ದೊಡ್ಡದು, ಸೂತಕದಲ್ಲಿ ಇಲ್ಲವೇ ಇಲ್ಲ. ಅತ್ತೆ ಇಳಿದು ಹೋದ ಮೇಲೆ ಸುಚಿತ್ರಾ ಆ ಬಿಳಿಯ ಪೊರೆಯನ್ನೂ ಬಟ್ಟಲಿನ ಪುಡಿಯನ್ನೂ ಚಿಟಿಕೆ ಚಿಟಿಕೆ ತೆಗೆದು ಒಂದೊಂದು ಹನಿ ಆಸಿಡ್ ಬಿಟ್ಟು ನೋಡಿದಳು. ಎರಡರಲ್ಲೂ ಒಂದೇ ರೀತಿ ನೊರೆ ಎದ್ದಿತು.

ನೇರವಾಗಿ ನನ್ನ ಹತ್ತಿರ ಬಂದಳು. ಕಣ್ಣು ಕೆಂಪಗಿತ್ತು. ನನಗೆ ಮೊದಲು ನಗು ಬಂತು, ಸುಳ್ಳು ಯಾಕೆ ಹೇಳಲಿ. ಆಮೇಲೆ ವಿಷಯ ತಲೆಗೆ ಇಳಿಯಿತು. ಬಿಳಿಯ ಕಲ್ಲು ಬಹಳ ಬೇಗ ಕರಗುತ್ತದೆ, ಬೈಕಾರ್ಬನೇಟೂ ಧಾರಾಳವಾಗಿ ಕೊಡುತ್ತದೆ. ಆದರೆ ತಾನು ಹಿಡಿದ ಇಂಗಾಲವನ್ನು ಸಮುದ್ರ ಸೇರಿ ಮತ್ತೆ ಕಲ್ಲಾಗುವಾಗ ಗಾಳಿಗೆ ವಾಪಸು ಕೊಟ್ಟುಬಿಡುತ್ತದೆ. ಕಲ್ಲುಗಳ ದೀರ್ಘ ಲೆಕ್ಕದಲ್ಲಿ ಅದರಿಂದ ಲಾಭವಿಲ್ಲ. ಕರಿಕಲ್ಲು ನಿಧಾನ, ಆದರೆ ಅರ್ಧದಷ್ಟನ್ನಾದರೂ ಶಾಶ್ವತವಾಗಿ ಹಿಡಿದಿಡುತ್ತದೆ. ಅಂದರೆ ಎಲ್ಲರೂ ಕೊಂಡಾಡಿದ ಆ ದೊಡ್ಡ ಸಂಖ್ಯೆಯ ಬಹುಪಾಲು ಭಾಗ್ಯಮ್ಮನ ರಂಗೋಲಿ. ಸಭೆ ಮುಂದಿನ ವಾರ. ನಿಜ ಹೇಳಿದರೆ ಪ್ರಾಜೆಕ್ಟ್ ಮುಚ್ಚಿ ಕೆಲಸ ಹೋಗಬಹುದು. ಅದಕ್ಕಿಂತ ಹೆಚ್ಚಾಗಿ ಅವಳ ಎದೆಗೆ ತಾಕಿದ್ದು ಬೇರೆ.

“ಕೆಲ್ಸ ಬೇರೆ ಹುಡುಕ್ಕೋಬಹುದು ಮೇಷ್ಟ್ರೇ. ಮದ್ವೆ ಆಗಿ ಇಷ್ಟು ವರ್ಷಕ್ಕೆ ಈಗ ನಮ್ಮತ್ತೆ ನನ್ನನ್ನ ತಮ್ಮೋಳು ಅಂದ್ಕೊಂಡವ್ರೆ. ಇದನ್ನ ಅವರಿಗೆ ಎಂಗೆ ಹೇಳ್ಲಿ?”

ಹೇಳಬೇಡ, ಸಭೆಯಲ್ಲಿ ಮಾತ್ರ ಹೇಳು, ಅಲ್ಲಿಗೆ ಅವರನ್ನು ಕರೆದುಕೊಂಡು ಹೋಗಬೇಡ ಎಂದು ನಾನು ಬುದ್ಧಿ ಹೇಳಿದೆ. ನನ್ನ ಬುದ್ಧಿಯನ್ನು ಅವಳು ಕೇಳಲಿಲ್ಲ, ಒಳ್ಳೆಯದೇ ಆಯಿತು. ಸಂಸ್ಥೆಯಲ್ಲಿ ತೆಗೆದಿಟ್ಟಿದ್ದ ಹಳೆಯ ನೀರಿನ ಬಾಟಲಿಗಳನ್ನು ಮತ್ತೆ ಹೊರಗೆ ತೆಗೆದಳು. ಕರಿಕಲ್ಲು ಕರಗಿದರೆ ಸಿಲಿಕಾ ಎಂಬುದೂ ನೀರಿಗೆ ಬರುತ್ತದೆ, ಅವಳ ಅತ್ತೆ ತರುವ ಪುಡಿಯಲ್ಲಿ ಅದು ಇಲ್ಲವೇ ಇಲ್ಲ ಎನ್ನಬಹುದು. ಸಿಲಿಕಾ ನೋಡಿದರೆ ಎಲ್ಲ ವಾರದಲ್ಲೂ ಹೆಚ್ಚುಕಡಿಮೆ ಅವಳ ಮಾದರಿ ಮೊದಲು ಹೇಳಿದಷ್ಟೇ ಇತ್ತು. ಅಂದರೆ ಮಾದರಿ ಮೊದಲಿನಿಂದಲೂ ಸರಿಯಾಗಿಯೇ ಹೇಳುತ್ತಿತ್ತು; ನಂಬದೆ ಹೋದವರು ನಾವು. ಅದನ್ನು ಹೇಳುವಾಗ ಆ ವಾರದಲ್ಲಿ ಮೊದಲ ಸಲ ಅವಳ ಮುಖದಲ್ಲಿ ಕಳೆ ಕಂಡಿತು.

ಆ ಸಂಜೆ ಅತ್ತೆಗೆ ಹೇಳಿದಳು. ನಾನು ನುಗ್ಗೆಕಾಯಿ ಕೊಡುವ ನೆಪದಲ್ಲಿ ಮೇಲೆ ಹೋಗಿ ಬಾಗಿಲಲ್ಲೇ ನಿಂತಿದ್ದೆ. ಬೈಗುಳದ ಒಂದು ಮಾತೂ ಇಲ್ಲದೆ, ಮಗುವಿಗೆ ಹೇಳುವ ಹಾಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಭಾಗ್ಯಮ್ಮ ಬಿಡಿಸುತ್ತಿದ್ದ ಅವರೆಕಾಯಿಯನ್ನು ಕೆಳಗಿಟ್ಟರು.

“ಅಂದ್ರೆ ತಿಂಗ್ಳಾನುಗಟ್ಲೆ ಮಾಡಿದ್ದನ್ನ ನಾನೇ ಆಳ್ ಮಾಡ್ಬುಟ್ನಾ?”

ಹಾಳಾಗಿಲ್ಲ ಅತ್ತೆ ಎಂದು ಸುಚಿತ್ರಾ ಎಷ್ಟು ಹೇಳಿದರೂ ಆಕೆ ತಲೆ ಎತ್ತಲಿಲ್ಲ. ಕೆಲಸಕ್ಕೆ ಒಳ್ಳೆಯದಾಗಲಿ ಅಂತ ಮಾಡಿದೆ ಎಂದು ಒಂದೇ ಮಾತು ಹೇಳಿ ಒಳಗೆ ಹೋದರು. ಮರುದಿನದಿಂದ ತಾರಸಿಗೆ ಹೋಗುವುದನ್ನೇ ಬಿಟ್ಟರು. ನೀರನ್ನು ಸುಚಿತ್ರಾ ಹಾಕಿ ಹೋಗುತ್ತಿದ್ದಳು. ನಲ್ಲಿಯ ಹತ್ತಿರ ಮಾತಿಲ್ಲ, ಮೆಟ್ಟಿಲಲ್ಲಿ ಸಿಕ್ಕರೆ ಹುಷಾರು ಮೇಷ್ಟ್ರೇ ಎನ್ನುವುದೂ ಇಲ್ಲ. ಆ ಬಾಯಿಗೆ ನಾನು ಎಷ್ಟು ಹೊಂದಿಕೊಂಡಿದ್ದೆ ಎಂದು ನನಗೆ ಗೊತ್ತಾಗಿದ್ದೇ ಆಗ. ಮನೆ ಬಿಕೋ ಅನ್ನುತ್ತಿತ್ತು.

ಸಭೆಯ ದಿನ ಸುಚಿತ್ರಾ ಬೆಳಿಗ್ಗೆಯೇ ಹೊರಟುಹೋದಳು. ಭಾಗ್ಯಮ್ಮ ತಾವು ಬರುವುದಿಲ್ಲ ಎಂದಿದ್ದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮೇಲೆ ಹೋಗಿ ಒಗ್ಗರಣೆ ಹಾಕಿದೆ. ಅಲ್ಲಿ ಆ ಹುಡುಗಿ ಒಬ್ಬಳೇ ನಿಂತು ಎಲ್ಲರ ಮುಂದೆ ತಪ್ಪು ಒಪ್ಪಿಕೊಳ್ಳುವಾಗ ತನ್ನವರು ಅಂತ ಒಬ್ಬರಾದರೂ ಬೇಡವೇ, ನೀವು ಇಲ್ಲಿ ಮುಸುಕು ಹಾಕಿಕೊಂಡು ಕೂತರೆ ಆಯಿತೇ ಎಂದೆ. ಭಾಗ್ಯಮ್ಮ ನನ್ನನ್ನು ದುರುಗುಟ್ಟಿಕೊಂಡು ನೋಡಿದರು. ಆಮೇಲೆ ಒಳಗೆ ಹೋಗಿ ಮಗನ ಮದುವೆಗೆ ಉಟ್ಟಿದ್ದ ರೇಷ್ಮೆ ಸೀರೆ ಉಟ್ಟು ಬಂದರು. ಆಟೋ ಹಿಡಿದು ಇಬ್ಬರೂ ಸಂಸ್ಥೆಗೆ ಹೋದೆವು.

ಹಿಂದಿನ ಸಾಲಿನಲ್ಲಿ ಕೂತೆವು. ಸುಚಿತ್ರಾ ನಮ್ಮನ್ನು ನೋಡಿದಳು. ಮೊದಲು ಶುರು ಮಾಡಿದ್ದು ಇಂಗ್ಲಿಷಿನಲ್ಲಿ, ಅಲ್ಲಿಂದಾಚೆ ಕನ್ನಡಕ್ಕೆ ತಿರುಗಿದಳು. ಪರದೆಯ ಮೇಲೆ ಆ ಏರಿಳಿಯುವ ಗೆರೆ ಬಂತು. ಏರಿದ ಕಡೆಗಳಲ್ಲಿ ಹಬ್ಬದ ಹೆಸರುಗಳು, ಇಳಿದ ಕಡೆ ಸೂತಕ. ಸಭೆಯಲ್ಲಿ ನಗು ಎದ್ದಿತು. ಭಾಗ್ಯಮ್ಮ ಸೆರಗು ಬಿಗಿಯಾಗಿ ಹಿಡಿದುಕೊಂಡರು. ಸುಚಿತ್ರಾ ನಗು ಮುಗಿಯುವವರೆಗೆ ಕಾದಳು. ಡ್ರಮ್ಮು ತನ್ನ ಕೆಲಸ, ಅದರ ಮೇಲೆ ದಿನಾ ಏನೇನು ಬೀಳುತ್ತದೆ ಎಂದು ನೋಡಬೇಕಾದವಳು ತಾನು, ನೋಡಲಿಲ್ಲ, ತಪ್ಪು ತನ್ನದು ಎಂದಳು. ಆಮೇಲೆ ಇನ್ನೊಂದು ಚಿತ್ರ ಹಾಕಿದಳು. ಬಿಳಿಯ ಪುಡಿ ಕೊಟ್ಟಿದ್ದನ್ನು ಕಳೆದ ಮೇಲೆ ಕರಿಕಲ್ಲಿನ ಪಾಲು ಉಳಿದಿತ್ತು. ಸಣ್ಣದು, ಆದರೆ ಸ್ವಂತದ್ದು. ಮಾದರಿಯ ಗೆರೆಯೂ ಅದೂ ಒಂದರ ಮೇಲೊಂದು ಕೂತಿದ್ದವು. ಬರೀ ಮಣ್ಣಿನ ಡ್ರಮ್ಮುಗಳ ಗೆರೆ ಅದಕ್ಕಿಂತ ಸ್ಪಷ್ಟವಾಗಿ ಕೆಳಗಿತ್ತು. ಕಲ್ಲು ನಮ್ಮ ಬಿಸಿಲಿನಲ್ಲಿ, ನಮ್ಮ ಮಣ್ಣಿನಲ್ಲಿ ಇಂಗಾಲ ಹಿಡಿಯುತ್ತದೆ, ಎಷ್ಟು ಹಿಡಿಯುತ್ತದೆ ಎಂದು ಈ ಮಾದರಿ ಮುಂಚೆಯೇ ಹೇಳಬಲ್ಲದು ಎಂದು ನಿಲ್ಲಿಸಿದಳು.

ಪ್ರಸಾದ್ ಆ ಎರಡು ಗೆರೆಗಳನ್ನು ಮತ್ತೊಮ್ಮೆ ನೋಡಿದರು. ಪಕ್ಕದವರೊಂದಿಗೆ ಏನೋ ಮಾತಾಡಿ, ಸಂಖ್ಯೆ ಚಿಕ್ಕದಾದರೂ ನಂಬಬಹುದಾದದ್ದು, ಕೆಲಸ ಮುಂದುವರಿಯಲಿ ಎಂದರು. ನನಗೆ ಎದ್ದು ಚಪ್ಪಾಳೆ ತಟ್ಟಬೇಕು ಅನ್ನಿಸಿತು. ಅಷ್ಟರಲ್ಲಿ ಅವರು ಇನ್ನೊಂದು ಮಾತು ಸೇರಿಸಿದರು. ಮುಂದಿನ ವರ್ಷ ಡ್ರಮ್ಮುಗಳು ಮನೆಯಲ್ಲಿ ಬೇಡ, ಸಂಸ್ಥೆಯ ಬೇಲಿಯೊಳಗೆ ತಂದಿಡಿ, ತಿಳಿದವರ ಕೈಯಲ್ಲಿ ನೀರು ಹಾಕಿಸೋಣ ಎಂದರು. ಭಾಗ್ಯಮ್ಮ ತಲೆ ತಗ್ಗಿಸಿಕೊಂಡು ಏಳಲು ಹೊರಟರು. ನಾನು ಅವರ ಕೈಚೀಲ ಹಿಡಿದು ತಡೆದೆ.

“ಸರ್, ಹಬ್ಬ ಆಗ್ಲಿ, ಸೂತಕ ಆಗ್ಲಿ, ಒಂದು ದಿನಾನೂ ನೀರು ತಪ್ಪಿಲ್ಲ, ಅಳತೆ ತಪ್ಪಿಲ್ಲ. ಅದಕ್ಕೇ ಪುಡೀದು ಎಷ್ಟು, ಕಲ್ಲಿಂದು ಎಷ್ಟು ಅಂತ ಬಿಡಿಸೋಕಾಗಿದ್ದು,” ಎಂದಳು ಸುಚಿತ್ರಾ. “ಅಷ್ಟು ನಿಯತ್ತಿನ ಕೈ ನನಗೆ ಬೇರೆ ಎಲ್ಲೂ ಸಿಗಲ್ಲ. ಡ್ರಮ್ಮು ಮನೇಲೇ ಇರ್ಲಿ. ನೋಡ್ಕೊಳ್ಳೋದು ನಮ್ಮತ್ತೆ ಭಾಗ್ಯಮ್ಮ. ಅಲ್ಲಿ ಕೂತವ್ರೆ.”

ಎಲ್ಲರೂ ಹಿಂದಕ್ಕೆ ತಿರುಗಿದರು. ಪ್ರಸಾದ್ ಎದ್ದು ನಿಂತು, ಏನಮ್ಮ, ನೋಡಿಕೊಳ್ಳುತ್ತೀರಾ ಎಂದು ಕೇಳಿದರು. ಭಾಗ್ಯಮ್ಮ ಅವರ ಕಡೆ ನೋಡಲೇ ಇಲ್ಲ. ಅರ್ಧ ಎದ್ದವರು ಪೂರ್ತಿ ಎದ್ದು, ಸೆರಗಿನಿಂದ ಕಣ್ಣೊರೆಸಿಕೊಂಡು, ನೇರವಾಗಿ ಸೊಸೆಗೇ ಹೇಳಿದರು.

“ನೀರೊಂದೇ ತಾನೇ ಕಣವ್ವ? ಇನ್ನೇನೇನು ಮಾಡ್ಬಾರ್ದು ಅಂತ ಇವಾಗ್ಲೇ ಹೇಳ್ಬುಡು. ನೋಡ್ಕೋತೀನಿ.”